ರಾಜ್‌ಕುಮಾರ್: ಒಂದು ಕಂಠದ ದಾರಿ

ಕೇಳುಗರಿಗೆ ನಮಸ್ಕಾರ.

ರಾಜ್‌ಕುಮಾರ್ ಅಂದ ಕೂಡಲೇ ಆ ಮೂಗು, ಆ ನಗು, ಬಿಳಿ ಪಂಚೆ ಕಣ್ಣ ಮುಂದೆ ಬರುತ್ತವೆ. ರೇಡಿಯೊದಲ್ಲಿ ಅವು ಯಾವುವೂ ನೆರವಿಗೆ ಬರುವುದಿಲ್ಲ. ಹಾಗಾಗಿ ಈ ಹೊತ್ತು ಅವರ ದನಿಯೊಂದನ್ನೇ ಹಿಡಿದು ಹೊರಡೋಣ. ಇನ್ನೂರಕ್ಕೂ ಹೆಚ್ಚು ಚಿತ್ರಗಳ ಆ ನಟನಾ ಬದುಕನ್ನು ಕಣ್ಣು ಮುಚ್ಚಿಕೊಂಡೂ ಹಿಂಬಾಲಿಸಬಹುದು.

ಗಾಜನೂರಿನ ಮುತ್ತುರಾಜ ಹುಟ್ಟಿದ್ದು 1929ರ ಏಪ್ರಿಲ್ 24ರಂದು. ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಗುಬ್ಬಿ ವೀರಣ್ಣನವರ ನಾಟಕ ಕಂಪನಿಯಲ್ಲಿ ರೌದ್ರ ಪಾತ್ರಗಳಿಗೆ ಹೆಸರಾದವರು. ಹುಡುಗನೂ ಅದೇ ಕಂಪನಿಯ ರಂಗದ ಮೇಲೆ ಬೆಳೆದ. ಮೈಕನ್ನು ನೆಚ್ಚಿಕೊಳ್ಳದೆ ಮಾತಾಡಬೇಕಾದ ಕಾಲ. ಗ್ಯಾಲರಿಯ ಕೊನೆಯಲ್ಲಿ ಕೂತವನಿಗೂ ಮಾತು ಮುಟ್ಟಬೇಕು. ಕೂಗಿದರೆ ಮುಟ್ಟುತ್ತದೆ ಅಂದುಕೊಂಡ ನಟನ ಗಂಟಲು ಮೂರನೇ ಆಟಕ್ಕೆ ಕಟ್ಟಿಕೊಳ್ಳುತ್ತಿತ್ತು. ಕನ್ನಡದಲ್ಲಿ ಇನ್ನೊಂದು ತೊಡಕಿದೆ: ಕ್ರಿಯಾಪದ ಕೂರುವುದು ವಾಕ್ಯದ ಕೊನೆಯಲ್ಲಿ, ಉಸಿರು ಮುಗಿಯುವುದೂ ಅಲ್ಲೇ. ಉದ್ದ ಸಮಾಸಗಳಿಗೆ ಎಲ್ಲ ಗಾಳಿ ಖರ್ಚು ಮಾಡಿದವನು ಕೊನೆಗೆ ‘ಬಂದನೋ’ ‘ಬರಲಿಲ್ಲವೋ’ ಎಂಬುದನ್ನೇ ನುಂಗಿಬಿಡುತ್ತಾನೆ. ರಾಜ್‌ ಅವರ ಯಾವ ಪೌರಾಣಿಕ ಚಿತ್ರವನ್ನಾದರೂ ಕೇಳಿ. ಸಮಾಸ ಎಷ್ಟೇ ಉದ್ದವಿರಲಿ, ಕೊನೆಯ ಪದಕ್ಕೆ ಒಂದಿಷ್ಟು ಉಸಿರು ಉಳಿದೇ ಇರುತ್ತದೆ. ಅವರ ಮಾತನ್ನು ಅಣಕ ಮಾಡುವವರು ಎಳೆತವನ್ನು ಹಿಡಿಯುತ್ತಾರೆ, ಈ ಉಳಿತಾಯವನ್ನು ಬಿಟ್ಟುಬಿಡುತ್ತಾರೆ.

1954ರಲ್ಲಿ ಎಚ್.ಎಲ್.ಎನ್. ಸಿಂಹ ಅವರ ‘ಬೇಡರ ಕಣ್ಣಪ್ಪ’. ಮುತ್ತುರಾಜ ರಾಜ್‌ಕುಮಾರ್ ಆದದ್ದು ಅಲ್ಲಿ. ರಂಗದಿಂದ ಬಂದವರಿಗೆ ಸಿನಿಮಾ ಮೈಕು ಮೊದಮೊದಲು ಶತ್ರುವೇ. ಅದು ಚೌಕಟ್ಟಿನಾಚೆ, ತಲೆಯ ಮೇಲೆ ತೂಗಾಡುತ್ತಿರುತ್ತದೆ. ರಂಗದ ಜೋರಿನಲ್ಲಿ ಮಾತಾಡಿದರೆ ಧ್ವನಿ ಒಡೆಯುತ್ತದೆ. ಹತ್ತಿರ ತಂದರೆ ಪಕಾರ, ಭಕಾರಗಳ ಗಾಳಿ ‘ಧಪ್’ ಎಂದು ಬಡಿಯುತ್ತದೆ. ದೂರದ ಶಾಟಿಗೆಂದು ಮೈಕನ್ನು ಮೇಲಕ್ಕೆತ್ತಿದರೆ ಸೆಟ್ಟಿನ ಮಾರ್ದನಿಯೆಲ್ಲ ಒಳಗೆ. ಇದಕ್ಕೆಲ್ಲ ಮದ್ದು ಡಬ್ಬಿಂಗ್. ಕೆಲವು ಸೆಕೆಂಡಿನ ಫಿಲ್ಮ್ ತುಂಡಿನ ತಲೆಬಾಲ ಅಂಟಿಸಿ ಬಳೆಯಂತೆ ಮಾಡಿ, ಮತ್ತೆ ಮತ್ತೆ ಓಡಿಸುತ್ತಿದ್ದರು. ತೆರೆಯ ಮೇಲಿನ ತನ್ನದೇ ತುಟಿಗೆ ನಟ ಕತ್ತಲಲ್ಲಿ ನಿಂತು ಮಾತು ಕೂಡಿಸಬೇಕಿತ್ತು. ತುಟಿ ಕೂಡಿತು, ಭಾವ ಕೂಡಲಿಲ್ಲ ಎಂಬುದೇ ಇಲ್ಲಿ ಆಗುವ ಸಾಮಾನ್ಯ ಎಡವಟ್ಟು. ಕುದುರೆಯಿಂದ ಇಳಿದವನ ಮಾತಿನಲ್ಲಿ ಏದುಸಿರು ಇರಬೇಕಲ್ಲ! ಡಬ್ಬಿಂಗ್ ಕೋಣೆಯಲ್ಲಿ ಕುದುರೆ ಇರುವುದಿಲ್ಲ.

ಹಾಡಿನ ಕತೆ ಬೇರೆ. ಕಣ್ಣಪ್ಪನ ‘ಶಿವಪ್ಪ ಕಾಯೋ ತಂದೆ’ಗೆ ಕಂಠ ಕೊಟ್ಟವರು ತಮಿಳಿನ ಸಿ.ಎಸ್. ಜಯರಾಮನ್. ಆಮೇಲೆ ಬಂದವರು ಪಿ.ಬಿ. ಶ್ರೀನಿವಾಸ್. ಶರೀರ ಒಬ್ಬರದು, ಶಾರೀರ ಇನ್ನೊಬ್ಬರದು ಎಂದು ನಾಡೇ ಆಡಿಕೊಂಡ ಜೋಡಿ. ಕಂಪನಿಯಲ್ಲಿ ಹಾಡಿಕೊಂಡೇ ಬೆಳೆದ ನಟ ಬೇರೊಬ್ಬರ ಹಾಡಿಗೆ ತುಟಿಯಾಡಿಸುವುದು ಕಾಣುವಷ್ಟು ಸುಲಭವಲ್ಲ. ಮೊದಲು ಹಾಡಿನ ಧ್ವನಿಮುದ್ರಣ, ಆಮೇಲೆ ಚಿತ್ರೀಕರಣ. ಲೊಕೇಶನ್ನಿನಲ್ಲಿ ಸ್ಪೀಕರಿನಿಂದ ಹಾಡು ಬರುತ್ತದೆ. ಫಿಲ್ಮ್ ಸೆಕೆಂಡಿಗೆ 24 ಚೌಕಟ್ಟು ಓಡಿದರೆ ಸದ್ದು ಸುಮಾರು 340 ಮೀಟರ್ ಸಾಗುತ್ತದೆ. ಲೆಕ್ಕ ಹಾಕಿ: ಸ್ಪೀಕರು 14 ಮೀಟರ್ ದೂರವಿದ್ದರೆ ತುಟಿ ಒಂದು ಚೌಕಟ್ಟು ಹಿಂದೆ, 28 ಮೀಟರ್ ದೂರಕ್ಕೆ ಎರಡು. ತುಟಿಯ ತಪ್ಪನ್ನಾದರೂ ಸಂಕಲನದಲ್ಲಿ ಸರಿಸಬಹುದು. ಉಸಿರಿನ ತಪ್ಪಿಗೆ ಮದ್ದಿಲ್ಲ. ಗಾಯಕ ಎಲ್ಲಿ ಉಸಿರು ಎಳೆದುಕೊಂಡನೋ ಅಲ್ಲೇ ನಟನ ಎದೆಯೂ ಏರಬೇಕು. ಏರದಿದ್ದರೆ ಏನೋ ಸುಳ್ಳೆಂದು ನೋಡುವವನಿಗೆ ಅನ್ನಿಸುತ್ತದೆ, ಯಾಕೆಂದು ಹೇಳಲು ಬರುವುದಿಲ್ಲ. ಸಾಹಿತ್ಯ ಬಾಯಿಪಾಠವಾದರೆ ಸಾಲದು, ಪಿಬಿಎಸ್ ಉಸಿರೂ ಬಾಯಿಪಾಠವಾಗಬೇಕಿತ್ತು.

1974ರ ‘ಸಂಪತ್ತಿಗೆ ಸವಾಲ್’ ಇದನ್ನು ತಿರುಗಿಸಿತು. ಜಿ.ಕೆ. ವೆಂಕಟೇಶ್ ಸಂಗೀತದಲ್ಲಿ, ಎಮ್ಮೆಯ ಮೇಲೆ ಕೂತು ಹಾಡುವ ‘ಯಾರೇ ಕೂಗಾಡಲಿ’. 1950ರ ದಶಕದಲ್ಲೂ ಅವರು ಸಿನಿಮಾಕ್ಕೆ ಹಾಡಿದ್ದುಂಟು, ಆದರೆ ಜನ ಬೆರಗಾದದ್ದು ಈಗ. ಹಾಡಿನ ಮೊದಲಿನ ಮಾತಿಗೂ ಹಾಡಿಗೂ ನಡುವೆ ಇದ್ದ ಹೊಲಿಗೆ ಇಲ್ಲವಾಯಿತು. ನನ್ನ ಕಿವಿಗೆ ಪಿಬಿಎಸ್ ಕಾಲದ ಪ್ರೇಮಗೀತೆಗಳೇ ಹೆಚ್ಚು ನಯ; ಆ ಮಂದ್ರದ ಮೃದುತ್ವ ಬೇರೆಯವರಿಗೆ ದಕ್ಕುವಂಥದ್ದಲ್ಲ. ಹಳ್ಳಿಗನ ತುಂಟತನಕ್ಕೆ, ವೀರರಸಕ್ಕೆ ಮಾತ್ರ ರಾಜ್ ಕಂಠವೇ ಸೈ. 1977ರ ‘ಬಭ್ರುವಾಹನ’ದಲ್ಲಿ ಅಪ್ಪ ಅರ್ಜುನನೂ ಅವರೇ, ಮಗನೂ ಅವರೇ. ಇಬ್ಬರೂ ಕೆಣಕಾಡುವ ‘ಯಾರು ತಿಳಿಯರು’ ಹಾಡಿನಲ್ಲಿ ಪಿಬಿಎಸ್ ಮತ್ತು ರಾಜ್ ಎದುರಾಬದುರು. ಮುಖ ಒಂದೇ ಆದಾಗ ಪಾತ್ರಗಳನ್ನು ಕಿವಿಯಿಂದ ಬೇರೆ ಮಾಡುವ ಜಾಣತನ ಅದು.

ಇನ್ನೆರಡು ಚಿತ್ರಗಳನ್ನು ಒಂದರ ಹಿಂದೊಂದು ಕೇಳಿದರೆ ಈ ದನಿಯ ಅಳತೆ ಸಿಗುತ್ತದೆ. 1971ರ ‘ಕಸ್ತೂರಿ ನಿವಾಸ’ದಲ್ಲಿ ಎಲ್ಲ ಕಳೆದುಕೊಂಡ ದೊಡ್ಡ ಮನುಷ್ಯ. ಕೊಡುಗೈ ಸೋತ ಮೇಲಿನ ದೃಶ್ಯಗಳಲ್ಲಿ ದನಿ ಏರುವುದೇ ಇಲ್ಲ, ಪದಗಳ ನಡುವಿನ ಬಿಡುವು ಹಿಗ್ಗುತ್ತದೆ. 1983ರ ‘ಭಕ್ತ ಪ್ರಹ್ಲಾದ’ದ ಹಿರಣ್ಯಕಶಿಪು ಇದಕ್ಕೆ ತದ್ವಿರುದ್ಧ. ಅಲ್ಲಿ ಪುಟ್ಟಸ್ವಾಮಯ್ಯನವರ ಕಂಪನಿ ರೌದ್ರ ಮರಳಿ ಬಂದಿದೆ, ಆದರೆ ಮೈಕಿಗೆ ತಕ್ಕಂತೆ. ಆರ್ಭಟದ ನಟ್ಟನಡುವೆ ದನಿ ಸಟ್ಟನೆ ಪಿಸುಮಾತಿಗೆ ಇಳಿಯುತ್ತದೆ. ರಂಗದ ಮೇಲೆ ಹೀಗೆ ಮಾಡಿದ್ದರೆ ಗ್ಯಾಲರಿಯಿಂದ ಸಿಳ್ಳೆ ಬರುತ್ತಿತ್ತು!

ಅದೇ ವರ್ಷದ ‘ಕಾಮನಬಿಲ್ಲು’ ಚಿತ್ರದಲ್ಲಿ ಅವರ ಯೋಗಾಸನಗಳನ್ನು ನೋಡಿದವರಿಗೆ ಈ ಉಸಿರಿನ ಗುಟ್ಟು ಗೊತ್ತಿರುತ್ತದೆ. ಅದರ ಫಲ ಮುಂದೆ ಸಿಕ್ಕಿತು. 1992ರಲ್ಲಿ, ಅರವತ್ತು ದಾಟಿದ ಮೇಲೆ, ‘ಜೀವನ ಚೈತ್ರ’ಕ್ಕೆ ಉಪೇಂದ್ರ ಕುಮಾರ್ ಸಂಗೀತದಲ್ಲಿ ಹಾಡಿದ ‘ನಾದಮಯ’ ಅವರಿಗೆ ಶ್ರೇಷ್ಠ ಹಿನ್ನೆಲೆ ಗಾಯಕ ರಾಷ್ಟ್ರ ಪ್ರಶಸ್ತಿ ತಂದಿತು. ಫಾಲ್ಕೆ ಪ್ರಶಸ್ತಿ ಬಂದದ್ದು ಅದರ ಆಮೇಲೆ.

ಆ ಹಾಡು ಈಗ ನಿಮಗಾಗಿ. ಆಲಾಪ ಬಂದಾಗ ರೇಡಿಯೊದ ದನಿ ಸ್ವಲ್ಪ ಏರಿಸಿ, ಉಸಿರು ಎಲ್ಲಿ ತೆಗೆದುಕೊಂಡರು ಅಂತ ಹುಡುಕಿ ನೋಡಿ.