ಈಜು ಬರುವವರೂ ಭದ್ರಾ ನಾಲೆಯಲ್ಲಿ ಯಾಕೆ ಮುಳುಗುತ್ತಾರೆ?

ನಮಸ್ಕಾರ. ದಾವಣಗೆರೆಯ ವೀಕ್ಷಕರೊಬ್ಬರು ಕೇಳಿದ್ದಾರೆ: "ಬಾವಿಯಲ್ಲಿ ಆರಾಮಾಗಿ ಈಜುವ ಹುಡುಗರು ನಾಲೆಯಲ್ಲಿ ಯಾಕೆ ಮುಳುಗುತ್ತಾರೆ? ನಾಲೆ ಬಾವಿಯಷ್ಟು ಆಳ ಇಲ್ಲವಲ್ಲ?"

ಒಳ್ಳೆ ಪ್ರಶ್ನೆ. ಮೊದಲು ಬೇಸಿಕ್ಸ್ ಬೇಗ ಮುಗಿಸೋಣ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಲ್ಲಿ ಮುಳುಗಿ ಸತ್ತರು. ಮುಳುಗುವವರು ಸಿನಿಮಾದ ಹಾಗೆ ಕೈ ಬೀಸಿ ಕೂಗುವುದು ಕಡಿಮೆ. ಬಾಯಿ ನೀರಿನ ಮೇಲೆ ಬರುವುದೇ ಒಂದು ಕ್ಷಣ. ಅದು ಉಸಿರಿಗೇ ಸಾಲದು, ಇನ್ನು ಕೂಗುವುದೆಲ್ಲಿ? ಸರಿ, ಮುಂದೆ.

[ದೃಶ್ಯ: ತುಂಬಿ ಹರಿಯುವ ನಾಲೆ]

ಈಗ ನನ್ನ ಇಷ್ಟದ ಲೆಕ್ಕ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಚೀನಾದ ಈಜುಗಾರ ಪಾನ್ ಝಾನ್ಲೆ 100 ಮೀಟರ್ ಫ್ರೀಸ್ಟೈಲ್ ಅನ್ನು 46.40 ಸೆಕೆಂಡಿನಲ್ಲಿ ಮುಗಿಸಿ ವಿಶ್ವದಾಖಲೆ ಮಾಡಿದರು. ಗಂಟೆಗೆ ಎಷ್ಟಾಯ್ತು? ಸುಮಾರು 7.8 ಕಿಲೋಮೀಟರ್! ಅಷ್ಟೇ! ಕುಂದವಾಡ ಕೆರೆ ಏರಿ ಮೇಲೆ ಜಾಗಿಂಗ್ ಮಾಡುವ ಅಂಕಲ್ ಸ್ವಲ್ಪ ಮನಸ್ಸು ಮಾಡಿದರೆ ವಿಶ್ವದಾಖಲೆಯ ಸಮಕ್ಕೆ ಓಡುತ್ತಾರೆ. ಆಮೇಲೆ ಬೆಣ್ಣೆ ದೋಸೆಗೂ ಹೋಗುತ್ತಾರೆ. ನೀರಲ್ಲಿ ಮನುಷ್ಯ ಅಷ್ಟು ನಿಧಾನ. ನಾವು ನೀವು ಚೆನ್ನಾಗಿ ಈಜಿದರೂ ಗಂಟೆಗೆ 3 ಕಿಲೋಮೀಟರ್ ದಾಟುವುದು ಕಷ್ಟ.

ಅಂದರೆ ನಾಲೆ ನೀರು ನಡಿಗೆಯ ವೇಗದಲ್ಲಿ ಹರಿದರೂ ನೀವು ಸೋತಿರಿ. ಎದುರು ಈಜಿದರೂ ಹಿಂದಕ್ಕೇ ಹೋಗುತ್ತೀರಿ. ಬಾವಿಯ ನೀರು ನಿಂತ ನೀರು, ಹತ್ತಲು ಮೆಟ್ಟಿಲೂ ಇರುತ್ತದೆ. ನಾಲೆಯಲ್ಲಿ ಇಳಿಜಾರು ಕಾಂಕ್ರೀಟ್, ಅದರ ಮೇಲೆ ಪಾಚಿ. ದಡ ಕೈಗೆ ಸಿಗುತ್ತದೆ, ಹಿಡಿತ ಸಿಗುವುದಿಲ್ಲ. ಉಗುರು ಊರಿದರೂ ಜಾರುತ್ತದೆ. ಅಷ್ಟರಲ್ಲಿ ನೀರು ಮುಂದಕ್ಕೆ ಎಳೆದಿರುತ್ತದೆ. ನಮಗೆ ಸೆಳೆತ ಅಂದರೆ ಅದು ಹೊಳೆಯಲ್ಲಿ ಮಾತ್ರ ಅನ್ನಿಸುತ್ತದೆ. ನಾಲೆ ಸದ್ದು ಮಾಡುವುದಿಲ್ಲ ನೋಡಿ, ಅದಕ್ಕೇ ಮೋಸ ಹೋಗುತ್ತೇವೆ.

ಬಿದ್ದರೆ ಏನು ಮಾಡಬೇಕು? ನೀರಿನ ಎದುರು ಈಜಬೇಡಿ. ಅಂಗಾತ ತೇಲಿ, ಕಾಲು ಮುಂದಿರಲಿ. ಹರಿವಿನ ಜೊತೆಗೇ ಓರೆಯಾಗಿ ದಡದ ಕಡೆ ಸರಿಯಿರಿ. ಮೆಟ್ಟಿಲು ಅಥವಾ ಕಾಂಕ್ರೀಟ್ ಒಡೆದ ಜಾಗ ಕಂಡರೆ ಹಿಡಿದುಕೊಳ್ಳಿ. ತೂಬು, ಸುರಂಗದ ಬಾಯಿ ಬರುವ ಮೊದಲೇ ಹೊರಬರಬೇಕು. ಬಟ್ಟೆ ಒಗೆಯಲು, ಎತ್ತು ತೊಳೆಯಲು ಇಳಿಯುವವರೂ ಮೆಟ್ಟಿಲಿರುವ ಕಡೆಯೇ ಇಳಿಯಿರಿ.

ಟೈಮ್ ಜಾಸ್ತಿ ಆಯ್ತು, ಉಳಿದದ್ದು ಒಟ್ಟಿಗೆ. ಉಳಿಸಲು ನೀವೂ ಹಾರಬೇಡಿ, ಒಬ್ಬರ ಬದಲು ಇಬ್ಬರು ಹೋಗುತ್ತಾರೆ. ಸೀರೆ, ಪಂಚೆ, ಹಗ್ಗ, ಬಿದಿರು, ಏನಾದರೂ ಎಸೆಯಿರಿ ಅಥವಾ ಚಾಚಿ. ಮುಚ್ಚಳ ಬಿಗಿದ 5 ಲೀಟರಿನ ಖಾಲಿ ಎಣ್ಣೆ ಕ್ಯಾನ್ ಇದ್ದರೂ ತಲೆ ನೀರಿನ ಮೇಲಿಡಲು ಸಾಕಾಗುತ್ತದೆ. 112ಕ್ಕೆ ಫೋನ್ ಮಾಡಿ.

ಹೊರಗೆ ತಂದ ಮೇಲೆ ಹೊಟ್ಟೆ ಒತ್ತಬೇಡಿ, ತಲೆಕೆಳಗೆ ಮಾಡಿ ತಿರುಗಿಸಬೇಡಿ. ಉಸಿರಿಲ್ಲದಿದ್ದರೆ ಮೊದಲು ಬಾಯಿಂದ ಉಸಿರು ಕೊಡಿ, ಆಮೇಲೆ ಎದೆ ಒತ್ತಿ. 30 ಸಲ ಒತ್ತಿದರೆ 2 ಉಸಿರು. ಇನ್ನು ಆ ಉಪ್ಪಿನ ರಾಶಿಯಲ್ಲಿ ಮಲಗಿಸಿದರೆ ಜೀವ ಬರುತ್ತದೆ ಅನ್ನುವ ವಾಟ್ಸ್ಆ್ಯಪ್ ಮೆಸೇಜ್? ಸುಮ್ನೆ ಸುಳ್ಳು. ಬೇಕಿರುವುದು ಮೆದುಳಿಗೆ ಆಮ್ಲಜನಕ, ಚರ್ಮಕ್ಕೆ ಉಪ್ಪಲ್ಲ. ಉಪ್ಪು ಹುಡುಕುವ ಹೊತ್ತಿನಲ್ಲೇ ಜೀವ ಹೋಗುತ್ತದೆ.

[ದೃಶ್ಯ: ಕೃಷಿ ಹೊಂಡ]

ವಾಣಿವಿಲಾಸ ಸಾಗರ, ಸೂಳೆಕೆರೆ ಬಗ್ಗೆ ಬೇರೆ ವಿಡಿಯೋ ಮಾಡುತ್ತೇನೆ. ಆದರೆ ಹಿರಿಯೂರು, ಹೊಳಲ್ಕೆರೆ ಕಡೆಯ ರೈತರಿಗೆ ಒಂದು ಮಾತು. ಕೃಷಿ ಹೊಂಡದ ಪ್ಲಾಸ್ಟಿಕ್ ಶೀಟು ಒದ್ದೆಯಾದರೆ ಪಾಚಿಗಿಂತ ಕೆಟ್ಟದಾಗಿ ಜಾರುತ್ತದೆ. ದೊಡ್ಡವರೂ ಹತ್ತಲಾರರು. ಸುತ್ತ ಬೇಲಿ ಹಾಕಿ. ಅಲ್ಲಲ್ಲಿ ಗಂಟು ಹಾಕಿದ ಹಗ್ಗವನ್ನು ಗೂಟಕ್ಕೆ ಬಿಗಿದು, ನಾಲ್ಕೂ ಬದಿಯಿಂದ ನೀರಿನವರೆಗೆ ಇಳಿಬಿಡಿ. ತುದಿಗೆ ಹಳೇ ಟೈರ್ ಕಟ್ಟಿದರೆ ಇನ್ನೂ ಒಳ್ಳೆಯದು.