ಎಷ್ಟು ಗಂಟೆಗೆ ತೆಗೆದ ರಕ್ತ?

ನಮಸ್ಕಾರ. ಎರಡು ರಕ್ತ ಪರೀಕ್ಷೆಯ ವರದಿಗಳಿಂದ ಮಾತು ಆರಂಭಿಸುತ್ತೇನೆ. ಎರಡೂ ಅರವತ್ತು ದಾಟಿದ ಒಬ್ಬ ತಾಯಿಯದು. ಮೂಳೆ ಸವೆತಕ್ಕೆ ವಾರಕ್ಕೊಂದು ಮಾತ್ರೆ ಶುರು ಮಾಡುವ ಮುನ್ನ ಅವರ ರಕ್ತದಲ್ಲಿ ಸಿಟಿಎಕ್ಸ್ ಎಂಬ ಅಂಶ ಮಿಲಿಲೀಟರಿಗೆ 620 ಪಿಕೋಗ್ರಾಂ ಇತ್ತು. ಆರು ತಿಂಗಳ ನಂತರ 290. ಔಷಧ ಹಿಡಿಯಿತು ಎಂದು ಮನೆಯವರಿಗೆಲ್ಲ ಸಮಾಧಾನ. ನಾನು ವರದಿಯ ಮೂಲೆಯಲ್ಲಿ ಸಣ್ಣಕ್ಷರದಲ್ಲಿದ್ದ ಸಮಯ ನೋಡಿದೆ. ಮೊದಲನೆಯದು ಬೆಳಿಗ್ಗೆ 7.50, ಖಾಲಿ ಹೊಟ್ಟೆ. ಎರಡನೆಯದು ಮಧ್ಯಾಹ್ನ 2.15, ಊಟ ಮುಗಿಸಿ ಬಂದದ್ದು. ಆ ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಡುವ ಹಾಗೆಯೇ ಇರಲಿಲ್ಲ.

ನಮ್ಮ ಮೂಳೆಯಲ್ಲಿ ಒಂದು ಬಗೆಯ ಜೀವಕೋಶಗಳು ಹಳೆಯದನ್ನು ಕರಗಿಸುತ್ತಿರುತ್ತವೆ, ಇನ್ನೊಂದು ಬಗೆಯವು ಆ ಗುಳಿಯನ್ನು ಹೊಸದಾಗಿ ತುಂಬುತ್ತಿರುತ್ತವೆ. ಕರಗಿಸುವಾಗ ಕೊಲಾಜನ್ ನಾರು ತುಂಡಾಗಿ ರಕ್ತಕ್ಕೆ ಸೇರುತ್ತದೆ; ಆ ಚೂರೇ ಸಿಟಿಎಕ್ಸ್. ಹೊಸ ಕೊಲಾಜನ್ ಸಿದ್ಧವಾಗುವಾಗ ಅದರ ತುದಿಯಿಂದ ಕತ್ತರಿಸಿ ಬೀಳುವ ಚೂರು ಪಿ1ಎನ್‌ಪಿ. ನೆಲದ ಮೇಲಿನ ಚಕ್ಕೆ ನೋಡಿ ಬಡಗಿಯ ಕೆಲಸವನ್ನು ಅಂದಾಜಿಸಿದ ಹಾಗೆ ನಾವು ಇವುಗಳನ್ನು ಅಳೆಯುತ್ತೇವೆ.

ಕರಗಿಸುವ ಕೆಲಸ ರಾತ್ರಿ ಜೋರಾಗಿರುತ್ತದೆ. ಸಿಟಿಎಕ್ಸ್ ನಸುಕಿನ ಐದರ ಸುಮಾರಿಗೆ ಅತಿ ಹೆಚ್ಚು. ಬೆಳಿಗ್ಗೆ ಹನ್ನೊಂದರಿಂದ ಮಧ್ಯಾಹ್ನ ಮೂರು ಗಂಟೆಯೊಳಗೆ ಅತಿ ಕಡಿಮೆ. ಗಂಡು, ಹೆಣ್ಣು, ಮುಟ್ಟು ನಿಂತವರು, ಎಲ್ಲರಲ್ಲೂ ಇದೇ ಏರಿಳಿತ. ಇದನ್ನು ನಡೆಸುವುದು ಯಾವುದು? 2002ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಒಂದು ಅಧ್ಯಯನ ಒಂದೊಂದನ್ನೇ ತೂಗಿ ನೋಡಿತು. ಮಲಗಿಯೇ ಇದ್ದರೂ ಏರಿಳಿತ ಉಳಿಯಿತು. ಹಗಲ ಬೆಳಕಿನಿಂದಲೂ ಹೆಚ್ಚು ವ್ಯತ್ಯಾಸವಾಗಲಿಲ್ಲ. ಊಟ ಬಿಡಿಸಿದಾಗ ಮಾತ್ರ ಅಲೆ ಬಹುಪಾಲು ಚಪ್ಪಟೆಯಾಯಿತು. ನನ್ನನ್ನು ಇಂದಿಗೂ ಬೆರಗುಗೊಳಿಸುವ ಸಂಗತಿ ಇದು. ಅನ್ನ ಹೊಟ್ಟೆಗೆ ಬಿದ್ದೊಡನೆ ಕರುಳು ಜಿಐಪಿ, ಜಿಎಲ್‌ಪಿ-2 ಮುಂತಾದ ಹಾರ್ಮೋನುಗಳನ್ನು ಹೊರಡಿಸುತ್ತದೆ, ಅವು ಮೂಳೆ ಕರಗಿಸುವ ಕೋಶಗಳ ಕೈ ತಡೆಯುತ್ತವೆ. ನಾವು ಉಂಡ ಸುದ್ದಿ ತೊಡೆಮೂಳೆಗೂ ತಲುಪುತ್ತದೆ.

ಹಾಗೆಂದು ಮೂಳೆಗೆ ತನ್ನದೇ ಗಡಿಯಾರವಿಲ್ಲ ಎಂದಲ್ಲ. ಮೂಳೆಯ ಕೋಶಗಳಲ್ಲೂ ಹಗಲು-ರಾತ್ರಿಯ ಲಯ ಕಾಯುವ ಗಡಿಯಾರದ ಜೀನ್‌ಗಳು ಕೆಲಸ ಮಾಡುತ್ತವೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ರಾತ್ರಿ ಪಾಳಿ ಮಾಡಿದ ಅಮೆರಿಕದ ದಾದಿಯರಲ್ಲಿ ಸೊಂಟದ ಮತ್ತು ಮಣಿಕಟ್ಟಿನ ಮೂಳೆ ಮುರಿತ ಹೆಚ್ಚಿತ್ತೆಂದು 2009ರ ವರದಿಯೊಂದು ಹೇಳಿತು. ಪಾಳಿಯೇ ಕಾರಣ ಎಂದು ಅಷ್ಟರಿಂದಲೇ ಸಾಧಿಸಲಾಗದು. ಆದರೂ ರಾತ್ರಿಯೆಲ್ಲ ವಾರ್ಡುಗಳಲ್ಲಿ ನಿಂತು ದುಡಿಯುವ ಹೆಣ್ಣುಮಕ್ಕಳ ಮೂಳೆಯ ಬಗ್ಗೆ ನಾವು ಈಗಲೇ ಯೋಚಿಸಬೇಕು.

ಪಿ1ಎನ್‌ಪಿ ದಿನದೊಳಗೆ ಅಷ್ಟಾಗಿ ಬದಲಾಗುವುದಿಲ್ಲ, ಊಟಕ್ಕೂ ಹೆಚ್ಚು ಜಗ್ಗುವುದಿಲ್ಲ. ಸಿಟಿಎಕ್ಸ್ ಪರೀಕ್ಷೆಗಾದರೆ ರಾತ್ರಿಯ ಊಟದ ನಂತರ ಏನನ್ನೂ ತಿನ್ನದೆ, ಬೆಳಿಗ್ಗೆ ಏಳೂವರೆಯಿಂದ ಹತ್ತರೊಳಗೆ ರಕ್ತ ಕೊಡಿ. ನೀರು ಕುಡಿಯಬಹುದು. "ಬರೀ ಒಂದು ಲೋಟ ಹಾಲಿನ ಕಾಫಿ" ಕುಡಿದು ಬಂದರೂ ಅದು ಖಾಲಿ ಹೊಟ್ಟೆಯಲ್ಲ. ಮುಂದಿನ ಪರೀಕ್ಷೆಯೂ ಅದೇ ಹೊತ್ತಿಗೆ, ಅದೇ ರೀತಿ ಆಗಲಿ.

ಆ ತಾಯಿಯ ರಕ್ತವನ್ನು ಮರುವಾರ ಬೆಳಿಗ್ಗೆ ಎಂಟಕ್ಕೆ ಮತ್ತೆ ತೆಗೆದೆವು. ಬಂದ ಸಂಖ್ಯೆ 590. ಮಾತ್ರೆ ಕೆಲಸವನ್ನೇ ಮಾಡಿರಲಿಲ್ಲ. "ಹೇಗೆ ನುಂಗುತ್ತೀರಿ ಅಮ್ಮಾ?" ಎಂದು ಕೇಳಿದೆ. "ಬೆಳಿಗ್ಗೆ ಎದ್ದ ಕೂಡಲೇ, ಡಾಕ್ಟರು ಹೇಳಿದ ಹಾಗೆಯೇ, ಕಾಫಿಯ ಜೊತೆ" ಎಂದರು. ಆ ಮಾತ್ರೆಯನ್ನು ಬರೀ ನೀರಿನಲ್ಲಿ ನುಂಗಿ ಅರ್ಧ ಗಂಟೆ ಏನನ್ನೂ ಮುಟ್ಟಬಾರದು. ಕಾಫಿ ಸೇರಿದರೆ ರಕ್ತಕ್ಕೆ ಸೇರುವ ಅದರ ಅಂಶ ಬಹಳ ಕಡಿಮೆಯಾಗುತ್ತದೆ. ಮಧ್ಯಾಹ್ನದ ಆ 290 ಅನ್ನು ನಂಬಿದ್ದರೆ, ಈ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳುತ್ತಿರಲಿಲ್ಲ.