ಹಾಡುವವರು ಅಳುವುದಿಲ್ಲ, ಕೇಳುವ ನಾವು ಯಾಕೆ ಅಳುತ್ತೇವೆ?

[ಹಾರ್ಮೋನಿಯಂ ಮುಂದೆ ಕೂತು, ನೇರ ಕ್ಯಾಮೆರಾಗೆ]

ಹೋದ ವರ್ಷ ನಮ್ಮ ಚಿಕ್ಕಪ್ಪನ ಮಗಳ ಮದುವೆ ಆಯಿತು, ಅರಸೀಕೆರೆಯಲ್ಲಿ. ಊಟ ಮುಗಿದು ಹೆಣ್ಣು ಒಪ್ಪಿಸಿಕೊಡುವ ಹೊತ್ತು. ಬಟ್ಟಲಲ್ಲಿ ಹಾಲು ಹಾಕಿ, ಅದರಲ್ಲಿ ಹುಡುಗಿಯ ಕೈ ಅದ್ದಿ ಅತ್ತೆಯ ಕೈಗೆ ಇಡುತ್ತಿದ್ದರು. ಆಗ ನಮ್ಮ ದೊಡ್ಡಮ್ಮ ಹೆಣ್ಣು ಒಪ್ಪಿಸುವ ಹಾಡು ಎತ್ತಿಕೊಂಡರು. ಮೈಕ್ ಇಲ್ಲ, ಶ್ರುತಿ ಪೆಟ್ಟಿಗೆ ಇಲ್ಲ. ಎರಡನೇ ನುಡಿಗೆ ಚಿಕ್ಕಪ್ಪ ಗೋಡೆ ಕಡೆ ತಿರುಗಿ ನಿಂತರು. ಮೂರನೇ ನುಡಿಗೆ ಗಂಡಿನ ಕಡೆಯವರೂ ಮೂಗು ಒರೆಸಿಕೊಳ್ಳುತ್ತಿದ್ದರು. ಫೋಟೋ ತೆಗೆಯುವ ಹುಡುಗ ಕ್ಯಾಮೆರಾ ಕೆಳಗಿಳಿಸಿ ಸುಮ್ನೆ ನಿಂತುಬಿಟ್ಟ.

ಹಾಡು ಮುಗಿಯಿತು. ದೊಡ್ಡಮ್ಮ ಸೆರಗು ಸರಿಮಾಡಿಕೊಂಡು "ಬೀಗರಿಗೆ ಕಾಫಿ ಕೊಟ್ರಾ? ಬಸ್ಸು ಹೊರಡೋ ಹೊತ್ತಾಯ್ತು" ಅಂದರು. ಅವರ ಕಣ್ಣಲ್ಲಿ ಒಂದು ಹನಿ ಇಲ್ಲ.

ಸಂಜೆ ಅವರನ್ನೇ ಕೇಳಿದೆ. "ದೊಡ್ಡಮ್ಮ, ಅಷ್ಟು ಜನ ಅತ್ತರು, ನಿಮಗೆ ಅಳು ಬರಲಿಲ್ವಾ?"

"ಅತ್ರೆ ಗಂಟಲು ಕಟ್ಕೊಳ್ಳುತ್ತೆ ಕಣೋ. ಆಮೇಲೆ ಹಾಡೋರ್ಯಾರು?"

ಇವತ್ತಿನ ವಿಡಿಯೋ ಹುಟ್ಟಿದ್ದು ಆ ಮಾತಿಂದ. ಹಾಡುವವರ ಎದೆಯಲ್ಲಿ ಆ ಹೊತ್ತಿಗೆ ದುಃಖ ಇಲ್ಲದಿದ್ದರೆ, ನಮಗೆ ಬಂದ ದುಃಖ ಎಲ್ಲಿಂದ ಬಂತು?

[ಶೀರ್ಷಿಕೆ]

ಮೊದಲು ಒಂದು ಚಿಕ್ಕ ಪ್ರಯೋಗ ಮಾಡೋಣ. "ಬಂದ್ಯಾ" ಅನ್ನೋ ಪದ ತಗೊಳ್ಳಿ. ಆರು ತಿಂಗಳಾದ ಮೇಲೆ ಮಗಳು ಊರಿಗೆ ಬಂದಾಗ ಅಮ್ಮ ಬಾಗಿಲಲ್ಲಿ ನಿಂತು ಹೇಳೋ "ಬಂದ್ಯಾ". ರಾತ್ರಿ ಎರಡು ಗಂಟೆಗೆ ಮಗ ಮೆಲ್ಲಗೆ ಚಿಲಕ ತೆಗೆದಾಗ ಅಪ್ಪ ಕತ್ತಲಲ್ಲಿ ಕೂತು ಹೇಳೋ "ಬಂದ್ಯಾ". ಆಸ್ಪತ್ರೆಯ ಮಂಚದ ಮೇಲಿಂದ ಅಜ್ಜಿ ಹೇಳೋ "ಬಂದ್ಯಾ". ಪದ ಒಂದೇ. ಆದರೆ ಗೋಡೆ ಆಚೆ ಕೂತು ಕೇಳಿದರೂ ಯಾವುದು ಯಾವುದು ಅಂತ ನಿಮಗೆ ಗೊತ್ತಾಗುತ್ತೆ, ಅಲ್ವಾ? ಅಮ್ಮನ ದನಿ ಮೇಲಕ್ಕೆ ಹಾರುತ್ತದೆ. ಅಪ್ಪನದ್ದು ಥಟ್ಟನೆ ಬಡಿಯುತ್ತದೆ. ಅಜ್ಜಿಯದ್ದು ನಿಧಾನ, ಸಣ್ಣ, ಕೊನೆಯಲ್ಲಿ ಕೆಳಗೆ ಜಾರುತ್ತದೆ.

ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ಪ್ಯಾಟ್ರಿಕ್ ಯೂಸ್ಲಿನ್ ಮತ್ತು ಪೆಟ್ರಿ ಲೌಕ್ಕಾ ಅನ್ನುವ ಮನಶ್ಶಾಸ್ತ್ರಜ್ಞರು 2003ರಲ್ಲಿ ಒಂದು ದೊಡ್ಡ ಕೆಲಸ ಮಾಡಿದರು. ಮಾತಿನ ದನಿಯಲ್ಲಿ ಭಾವ ಹೇಗೆ ಗೊತ್ತಾಗುತ್ತದೆ ಅನ್ನುವ 104 ಅಧ್ಯಯನಗಳನ್ನೂ, ಸಂಗೀತದಲ್ಲಿ ಹೇಗೆ ಗೊತ್ತಾಗುತ್ತದೆ ಅನ್ನುವ 41 ಅಧ್ಯಯನಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಗುರುತುಗಳು ಬಹಳಷ್ಟು ಒಂದೇ. ದುಃಖ ಅಂದರೆ ನಿಧಾನ, ಮೆಲುದನಿ, ಒಂದಕ್ಕೊಂದು ಅಂಟಿಕೊಂಡ ಸ್ವರಗಳು. ಸಿಟ್ಟು ಅಂದರೆ ವೇಗ, ಜೋರು, ಚೂಪಾದ ಹೊಡೆತ. ಸಂತೋಷಕ್ಕೂ ವೇಗ ಇದೆ, ಆದರೆ ದನಿ ಹೊಳೆಯುತ್ತದೆ, ಸ್ವರಗಳು ಬಿಡಿಬಿಡಿಯಾಗಿ ಕುಣಿಯುತ್ತವೆ. ಅಂದರೆ ಪಿಟೀಲು, ಕೊಳಲು, ಗಿಟಾರು ನಮಗೆ ನಾಟುವುದು ಅವು ಮನುಷ್ಯನ ಗಂಟಲನ್ನು ನೆನಪಿಸುವುದರಿಂದ ಅಂತ ಅವರ ವಾದ. ನನಗಂತೂ ಇದು ಒಪ್ಪಿಗೆ.

ಈಗ ಹಾರ್ಮೋನಿಯಂಗೆ ಬನ್ನಿ.

[ಕೀಗಳ ಮೇಲೆ ಹತ್ತಿರದ ಶಾಟ್]

ಬಿಳಿ 1 ಷಡ್ಜ. ಬಿಳಿ 1, 2, 3, 5, 6, ಮತ್ತೆ ಮೇಲಿನ ಷಡ್ಜ. ಇದು ಮೋಹನ ರಾಗ. ಹಿಂದೂಸ್ತಾನಿಯವರು ಭೂಪ್ ಅನ್ನುತ್ತಾರೆ. ಬೆಳಗಿನ ಬಿಸಿಲು ಅಂಗಳಕ್ಕೆ ಬಿದ್ದ ಹಾಗೆ ಇಲ್ವಾ? ಈಗ ಒಂದೇ ಒಂದು ಬೆರಳು ಸರಿಸುತ್ತೇನೆ. ಬಿಳಿ 3 ಬಿಟ್ಟು ಅದರ ಪಕ್ಕದ ಕಪ್ಪು 2. ಮಿಕ್ಕಿದ್ದೆಲ್ಲ ಹಾಗೇ.

[ಶಿವರಂಜನಿ, ನಿಧಾನವಾಗಿ. ಹತ್ತು ಸೆಕೆಂಡ್ ಮಾತಿಲ್ಲ]

ಶಿವರಂಜನಿ. ಗಾಂಧಾರ ಅರ್ಧ ಮೆಟ್ಟಿಲು ಕೆಳಗೆ ಇಳಿಯಿತು, ಅಷ್ಟೇ. ರಿಷಭಕ್ಕೂ ಗಾಂಧಾರಕ್ಕೂ ಮೊದಲಿದ್ದ ಅಂತರದಲ್ಲಿ ಅರ್ಧ ಉಳಿಯಿತು. ಮನೆ ತುಂಬ ಜನ ಇದ್ದು ಎಲ್ಲರೂ ಹೋದ ಮೇಲಿನ ಮಧ್ಯಾಹ್ನದ ಹಾಗೆ ಆಯಿತು. ಹತ್ತು ವರ್ಷದಿಂದ ಈ ಬೆರಳು ಸರಿಸುತ್ತಿದ್ದೇನೆ, ಇವತ್ತಿಗೂ ಮೈ ಜುಂ ಅನ್ನುತ್ತೆ.

ಯಾಕೆ ಹೀಗೆ? 2012ರಲ್ಲಿ ಡೇನಿಯಲ್ ಬೌಲಿಂಗ್ ಮತ್ತು ಜೊತೆಗಾರರು ಕರ್ನಾಟಕ ಸಂಗೀತವನ್ನೂ ಪಾಶ್ಚಾತ್ಯ ಸಂಗೀತವನ್ನೂ ತಗೊಂಡು, ಜೊತೆಗೆ ತಮಿಳು ಮತ್ತು ಇಂಗ್ಲಿಷ್ ಮಾತಾಡುವವರ ದನಿಯನ್ನೂ ಅಳೆದರು. ಉತ್ಸಾಹದ ಸಂಗೀತದಲ್ಲಿ ಸ್ವರಗಳ ಜಿಗಿತ ದೊಡ್ಡದು, ಕುಗ್ಗಿದ ಭಾವದ ಸಂಗೀತದಲ್ಲಿ ಚಿಕ್ಕದು. ಎರಡೂ ಕಡೆ ಹಾಗೇ. ಮಾತಲ್ಲೂ ಹಾಗೇ: ಖುಷಿಯಲ್ಲಿ ದನಿ ಮೇಲೆ ಕೆಳಗೆ ಜಾಸ್ತಿ ಓಡಾಡುತ್ತದೆ, ಬೇಜಾರಲ್ಲಿ ಒಂದೇ ಕಡೆ ಕುಸಿದು ಕೂರುತ್ತದೆ.

ಹಾಗಂತ ಸ್ವರವೇ ಎಲ್ಲ ಅಲ್ಲ. ಇದೇ ಶಿವರಂಜನಿಯನ್ನು ಈಗ ವೇಗವಾಗಿ, ಬಿಡಿಬಿಡಿಯಾಗಿ ನುಡಿಸುತ್ತೇನೆ, ಕೇಳಿ.

[ನುಡಿಸಿ]

ಅಳು ಅರ್ಧಕ್ಕರ್ಧ ಹೋಯಿತು. ಸ್ವರ ರಾಗದ ಕೈಯಲ್ಲಿದೆ, ವೇಗ, ಜೋರು, ಉಸಿರು ಹಾಡುವವರ ಕೈಯಲ್ಲಿದೆ.

ಹಾಗಾದರೆ ನಮ್ಮ ರಾಗ ಗೊತ್ತೇ ಇಲ್ಲದವರಿಗೂ ಇದು ತಿಳಿಯುತ್ತಾ? 1999ರಲ್ಲಿ ಲಾರಾ ಲೀ ಬಾಲ್ಕ್‌ವಿಲ್ ಮತ್ತು ವಿಲಿಯಂ ಥಾಂಪ್ಸನ್ ಪಾಶ್ಚಾತ್ಯ ಕೇಳುಗರಿಗೆ ಹಿಂದೂಸ್ತಾನಿ ರಾಗಗಳ ತುಣುಕು ಕೇಳಿಸಿ, ಸಂತೋಷ, ದುಃಖ, ಸಿಟ್ಟು, ಶಾಂತಿ, ಇದರಲ್ಲಿ ಯಾವುದು ಅಂತ ಕೇಳಿದರು. ಮೊದಲ ಮೂರನ್ನು ಅವರು ಚೆನ್ನಾಗಿಯೇ ಗುರುತಿಸಿದರು. ತಪ್ಪಿದ್ದು ಶಾಂತಿಯಲ್ಲಿ.

ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಯಾಕೆ ಅಂದರೆ ನಮ್ಮ ಹಳಬರು ಜಗಳ ಆಡಿದ್ದೂ ಇದೇ ಶಾಂತದ ಮೇಲೆ. ನಾಟಕ, ಕುಣಿತದ ಹಳೇ ಗ್ರಂಥ ನಾಟ್ಯಶಾಸ್ತ್ರದಲ್ಲಿ ಮೊದಲಿಗೆ ಇದ್ದದ್ದು ಎಂಟು ರಸ, ಅಂದರೆ ಕಲೆಯಿಂದ ಸಿಗುವ ಭಾವದ ರುಚಿ. ಒಂಬತ್ತನೆಯದಾಗಿ ಶಾಂತ ಆಮೇಲೆ ಸೇರಿತು. ದಶರೂಪಕ ಬರೆದ ಧನಂಜಯ, ಶಾಂತವನ್ನು ನಾಟಕದಲ್ಲಿ ಆಡಿ ತೋರಿಸೋಕೆ ಆಗುವುದಿಲ್ಲ ಅಂದ. ಕಾಶ್ಮೀರದ ಅಭಿನವಗುಪ್ತ, ಸುಮಾರು ಸಾವಿರ ವರ್ಷದ ಹಿಂದೆ, ಇಲ್ಲ ಶಾಂತವೂ ರಸವೇ ಅಂತ ವಾದ ಮಾಡಿದ. ಯೋಚನೆ ಮಾಡಿ ನೋಡಿ. ಸಿಟ್ಟಿಗೆ ಒಂದು ಕೂಗಿದೆ, ದುಃಖಕ್ಕೆ ಬಿಕ್ಕಳಿಕೆ ಇದೆ, ಖುಷಿಗೆ ನಗು ಇದೆ. ಶಾಂತವಾಗಿರುವ ಮನುಷ್ಯ ಯಾವ ಸದ್ದು ಮಾಡುತ್ತಾನೆ? ಗಂಟಲಿನ ಗುರುತು ಇಲ್ಲದ ಭಾವ ಅದು. ಅದನ್ನು ಆ ಸಂಗೀತದ ಒಳಗೇ ಬೆಳೆದು ಕಲಿಯಬೇಕೇನೋ ಅಂತ ನನಗೆ ಅನ್ನಿಸುತ್ತದೆ. ಇದು ನನ್ನ ಊಹೆ, ಆ ಅಧ್ಯಯನ ಹೇಳಿದ ಮಾತಲ್ಲ.

ಅಭಿನವಗುಪ್ತನ ಹೆಸರು ಬಂತಲ್ಲ, ಈ ವಿಡಿಯೋದಲ್ಲಿ ನನಗೆ ಅತಿ ಇಷ್ಟವಾದ ಜಾಗಕ್ಕೆ ಬಂದೆವು. ಇಲ್ಲಿ ಸ್ವಲ್ಪ ಹೊತ್ತು ಕೂರೋಣ.

ನಾಟ್ಯಶಾಸ್ತ್ರಕ್ಕೆ ಅವನು ಬರೆದ ಅಭಿನವಭಾರತಿಯಲ್ಲಿ ಒಂದು ಪ್ರಶ್ನೆ ಬರುತ್ತದೆ. ರಸ ಇರುವುದು ಎಲ್ಲಿ? ನಟನಲ್ಲಿದೆಯಾ? ಅವನ ಉತ್ತರ, ಇಲ್ಲ, ನಟನಲ್ಲಿ ಇಲ್ಲ. ನಟ ರುಚಿ ಮುಟ್ಟಿಸುವ ದಾರಿ. ಅದಕ್ಕೇ ಅವನನ್ನು ಪಾತ್ರ ಅನ್ನುತ್ತಾರೆ. ಪಾತ್ರೆ ತನ್ನೊಳಗಿನ ಮದ್ಯದ ರುಚಿ ನೋಡುವುದಿಲ್ಲ.

ಪಾತ್ರ. ಪಾತ್ರೆ. ಇವೆರಡು ಪದಗಳನ್ನು ನಾನು ದಿನಾ ಆಡುತ್ತೇನೆ. "ಕರ್ಣನ ಪಾತ್ರ ಯಾರು ಮಾಡ್ತಾರೆ" ಅಂತ ಯಕ್ಷಗಾನಕ್ಕೆ ಹೋದಾಗ ಕೇಳುತ್ತೇನೆ, ಮನೆಗೆ ಬಂದು ಪಾತ್ರೆ ತೊಳೆಯುತ್ತೇನೆ. ಎರಡೂ ಒಂದೇ ಬೇರಿನವು ಅಂತ ಯಾವತ್ತೂ ಹೊಳೆದಿರಲಿಲ್ಲ. ನಮ್ಮ ದೊಡ್ಡಮ್ಮನನ್ನು ನೆನೆಸಿಕೊಳ್ಳಿ. ತುಂಬಿದ ಕೊಡ ಹೊತ್ತು ಕೆರೆಯಿಂದ ಮನೆಗೆ ಬರುವವರು ನಡುದಾರಿಯಲ್ಲಿ ಕುಡಿಯುತ್ತಾ ಕೂರುವುದಿಲ್ಲ. ಅವರ ಗಮನ ಎಲ್ಲ ತುಳುಕದ ಹಾಗೆ ತರುವುದರ ಮೇಲೆ. ಎಲ್ಲಿ ಉಸಿರು ತಗೊಳ್ಳಬೇಕು, ಎಲ್ಲಿ ದನಿ ಸಣ್ಣ ಮಾಡಬೇಕು, "ಮಗಳು" ಅನ್ನೋ ಪದ ಬಂದಾಗ ಸ್ವರವನ್ನು ಎಷ್ಟು ಹೊತ್ತು ಮೇಲೆ ನಿಲ್ಲಿಸಿ ಆಮೇಲೆ ಬಿಡಬೇಕು. ಆ ಬಿಡುವ ಕ್ಷಣದಲ್ಲೇ ಚಿಕ್ಕಪ್ಪ ಗೋಡೆ ಕಡೆ ತಿರುಗಿದ್ದು. ನಾನು ಮದುವೆ ವಿಡಿಯೋ ಹಾಕಿ ಮತ್ತೆ ಮತ್ತೆ ನೋಡಿದ್ದೇನೆ. ಕೆಳಗಿನ ಸ್ವರಕ್ಕೆ ಇಳಿಯುವ ಮುಂಚೆ ಪಕ್ಕದ ಸ್ವರಕ್ಕೆ ಒರಗಿ ನಿಲ್ಲುತ್ತಾರೆ, ತಡೆದು ತಡೆದು ಇಳಿಯುತ್ತಾರೆ. ಜಾನ್ ಸ್ಲೊಬೋಡಾ ಅನ್ನುವ ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞ 1991ರಲ್ಲಿ, ಯಾವ ಸಂಗೀತದ ಯಾವ ಜಾಗದಲ್ಲಿ ನಿಮಗೆ ಕಣ್ಣೀರು ಬರುತ್ತದೆ ಅಂತ ಕೇಳುಗರನ್ನು ಕೇಳಿದ. ಪಾಶ್ಚಾತ್ಯ ಸಂಗೀತದಲ್ಲಿ ಅವನಿಗೆ ಸಿಕ್ಕಿದ್ದೂ ಬಹಳ ಸಲ ಇಂಥದ್ದೇ ಜಾಗ, ಒರಗಿ ಇಳಿಯುವ ಸ್ವರ.

ಎದುರು ವಾದವೂ ಇದೆ, ಗಟ್ಟಿಯಾದದ್ದೇ. ಜರ್ಮನಿಯ ಸಂಗೀತಗಾರ ದೊಡ್ಡ ಬಾಖ್‌ನ ಮಗ ಕಾರ್ಲ್ ಫಿಲಿಪ್ ಇಮ್ಯಾನ್ಯುಯೆಲ್ ಬಾಖ್ 1753ರಲ್ಲಿ ಕೀಬೋರ್ಡ್ ನುಡಿಸುವ ಕಲೆಯ ಬಗ್ಗೆ ಬರೆಯುತ್ತಾ, ತನ್ನ ಮನಸ್ಸು ಕರಗದೆ ಸಂಗೀತಗಾರ ಇನ್ನೊಬ್ಬರ ಮನಸ್ಸು ಕರಗಿಸಲಾರ ಅಂದ. ಫ್ರಾನ್ಸಿನ ಲೇಖಕ ದಿದೆರೋ ನಟರ ಬಗ್ಗೆ ಸರಿಯಾಗಿ ಇದಕ್ಕೆ ಉಲ್ಟಾ ಹೇಳಿದ, ದೊಡ್ಡ ನಟ ಒಳಗೆ ತಣ್ಣಗಿರುತ್ತಾನೆ ಅಂತ. ಇಬ್ಬರಲ್ಲಿ ಯಾರು ಸರಿ? ನನ್ನ ಉತ್ತರ: ಇಬ್ಬರೂ ಬೇರೆ ಬೇರೆ ಹೊತ್ತಿನ ಬಗ್ಗೆ ಮಾತಾಡುತ್ತಿದ್ದಾರೆ. ದೊಡ್ಡಮ್ಮನೇ ಹೇಳಿದ್ದು, ಈ ಹಾಡನ್ನು ಅವರ ಅಮ್ಮ ಕಲಿಸಿದಾಗ ಹದಿನೈದು ದಿನ ಪೂರ್ತಿ ಹಾಡೋಕೇ ಆಗಲಿಲ್ಲವಂತೆ, ನಡುವೆ ಅಳು ಬಂದು ನಿಂತುಹೋಗುತ್ತಿತ್ತಂತೆ. ಅತ್ತಿದ್ದು ಆಗ. ಆ ಅಳು ಎಲ್ಲಿ ಬಂತು ಅನ್ನೋದನ್ನು ಗಂಟಲು ನೆನಪಿಟ್ಟುಕೊಂಡಿದೆ.

ಇಲ್ಲಿ ನನಗೆ ಸ್ವಲ್ಪ ಸಿಟ್ಟಿದೆ, ಹೇಳಿಬಿಡುತ್ತೇನೆ. ಟಿವಿಯಲ್ಲಿ ಎಂಟು ವರ್ಷದ ಮಗುವಿಗೆ "ಫೀಲ್ ಸಾಲದು ಪುಟ್ಟಾ, ಭಾವ ತುಂಬಿ ಹಾಡು" ಅನ್ನುತ್ತಾರಲ್ಲ, ಆ ಮಾತಿಂದ ಮಗು ಏನು ಮಾಡಬೇಕು? ಹುಬ್ಬು ಗಂಟು ಹಾಕುತ್ತದೆ, ಕೈ ಎದೆ ಮೇಲೆ ಇಟ್ಟುಕೊಳ್ಳುತ್ತದೆ. ನಾನು ಕಲಿಯುವಾಗಲೂ ಹೀಗೇ. "ಭಾವ ಎಲ್ಲಿ?" ಅಂತ ಬೈಸಿಕೊಂಡು ವರ್ಷಗಟ್ಟಲೆ ಮುಖ ಬಾಡಿಸಿಕೊಂಡು ಹಾಡಿದೆ, ದನಿ ಮಾತ್ರ ಹಾಗೇ ಇತ್ತು. ಯೂಸ್ಲಿನ್ ತಂಡ 2006ರಲ್ಲಿ ಗಿಟಾರ್ ನುಡಿಸುವವರ ಮೇಲೆ ಮಾಡಿದ ಪ್ರಯೋಗದಲ್ಲಿ, ಇಲ್ಲಿ ಜೋರಾಯಿತು, ಇಲ್ಲಿ ಇನ್ನೂ ನಿಧಾನ ಬೇಕು ಅಂತ ಬಿಡಿಸಿ ಹೇಳಿಸಿಕೊಂಡವರು, ಬರೀ ಮತ್ತೆ ಮತ್ತೆ ನುಡಿಸಿದವರಿಗಿಂತ ಜಾಸ್ತಿ ಸುಧಾರಿಸಿದರು. ದಯವಿಟ್ಟು ಮಕ್ಕಳಿಗೆ ಹಾಗೆ ಹೇಳಿಕೊಡಿ. "ಈ ಸಾಲಿನ ಕೊನೆಯಲ್ಲಿ ದನಿ ಸಣ್ಣ ಮಾಡು" ಅಂದರೆ ಅವತ್ತೇ ಮಾಡುತ್ತಾರೆ.

ಮುಖ ನೋಡಿ ಭಾವ ಅಳೆಯುವುದು ನಮ್ಮೆಲ್ಲರ ಅಭ್ಯಾಸವೂ ಹೌದು. ಚಿಯಾ ಜಂಗ್ ಸಾಯ್ ಅವರ 2013ರ ಅಧ್ಯಯನದಲ್ಲಿ, ಸಂಗೀತ ಸ್ಪರ್ಧೆಯಲ್ಲಿ ಗೆದ್ದವರು ಯಾರು ಅಂತ ಜನ ಸರಿಯಾಗಿ ಹೇಳಿದ್ದು ಸದ್ದಿಲ್ಲದ ವಿಡಿಯೋ ನೋಡಿದಾಗ, ಬರೀ ಸದ್ದು ಕೇಳಿದಾಗ ಅಲ್ಲ. ಪಳಗಿದ ಸಂಗೀತಗಾರರೂ ಹಾಗೇ.

ಟೈಮ್ ಆಗ್ತಾ ಬಂತು. ನೀವು ಜಾಸ್ತಿ ಕಳಿಸಿದ ಪ್ರಶ್ನೆಗಳನ್ನು ಒಟ್ಟಿಗೆ ಹೇಳಿಬಿಡುತ್ತೇನೆ.

ಒಂದೇ ಹಾಡು ಅಪ್ಪನಿಗೆ ಪ್ರಾಣ, ನನಗೆ ಯಾಕೆ ಏನೂ ಅನ್ನಿಸಲ್ಲ? ಹೋಲ್‌ಬ್ರೂಕ್ ಮತ್ತು ಶಿಂಡ್ಲರ್ 1989ರಲ್ಲಿ ಅಮೆರಿಕದಲ್ಲಿ ಬೇರೆ ಬೇರೆ ವಯಸ್ಸಿನವರಿಗೆ ಹಳೆ ಹಾಡುಗಳನ್ನು ಕೇಳಿಸಿ ನೋಡಿದರು. ತಮಗೆ 23, 24 ವಯಸ್ಸಿದ್ದಾಗ ಜನಪ್ರಿಯವಾಗಿದ್ದ ಹಾಡುಗಳೇ ಜನಕ್ಕೆ ಅತಿ ಇಷ್ಟ. ಅಪ್ಪನ ಹಾಡಲ್ಲಿ ಅಪ್ಪನ ಮೊದಲ ಕೆಲಸ, ಮೊದಲ ಬಾಡಿಗೆ ಮನೆ ಎಲ್ಲ ಇದೆ. ಅಭಿರುಚಿಯನ್ನು ಮೇಲು ಕೀಳು ಅಂತ ಜಗಳ ಆಡುವವರು ಇದನ್ನು ಒಂದು ಸಲ ನೆನೆಸಿಕೊಳ್ಳಬೇಕು.

ಇಂಪು ಅನ್ನೋದು ಎಲ್ಲರಿಗೂ ಒಂದೇನಾ? ಅಲ್ಲ. ಬೊಲಿವಿಯಾದ ಕಾಡಿನ ತ್ಸಿಮಾನೆ ಜನರಿಗೆ, ನಮಗೆ ಕರ್ಕಶ ಅನ್ನಿಸುವ ಸ್ವರಜೋಡಿಯೂ ಇಂಪಾದದ್ದೂ ಒಂದೇ ಥರ ಅಂತ 2016ರಲ್ಲಿ ಗೊತ್ತಾಯಿತು. ಮೈ ಜುಂ ಅನ್ನೋದು ಯಾಕೆ? ಮಾಂಟ್ರಿಯಲ್‌ನಲ್ಲಿ 2011ರಲ್ಲಿ ಮಿದುಳಿನ ಸ್ಕ್ಯಾನ್ ಮಾಡಿ ನೋಡಿದಾಗ, ಇಷ್ಟದ ಜಾಗ ಬಂದಾಗ ಮಾತ್ರವಲ್ಲ, ಅದು ಬರುತ್ತೆ ಬರುತ್ತೆ ಅಂತ ಕಾಯುವಾಗಲೂ ಡೋಪಮಿನ್ ಅನ್ನುವ, ಖುಷಿಗೆ ಸಂಬಂಧಿಸಿದ ಮಿದುಳಿನ ರಾಸಾಯನಿಕ ಬಿಡುಗಡೆ ಆಗುತ್ತಿತ್ತು.

ಇನ್ನೊಂದು, ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರ ಬಗ್ಗೆ. ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದವರು. ಕ್ಷಯ ಬಂದು ಒಂದು ಶ್ವಾಸಕೋಶ ಹಾಳಾಯಿತು, ವರ್ಷಗಟ್ಟಲೆ ಹಾಡಬಾರದು ಅಂತ ಮಲಗಿದ್ದರು. ಮತ್ತೆ ಹಾಡಿದಾಗ ಚಿಕ್ಕ ಚಿಕ್ಕ ತುಂಡು, ಥಟ್ಟನೆ ಎದ್ದು ನಿಲ್ಲುವ ದನಿ, ನಡುವೆ ಮೌನ. ಆ ಮೌನದಲ್ಲಿ ಕೇಳುಗರು ಏನೆಲ್ಲ ಕೇಳಿಸಿಕೊಂಡಿದ್ದಾರೆ! ಪೂರ್ತಿ ಒಂದು ವಿಡಿಯೋ ಮಾಡುತ್ತೇನೆ, ಇವತ್ತು ಸಾಲುವುದಿಲ್ಲ.

ನಿಮ್ಮ ಊರಲ್ಲಿ ಹೆಣ್ಣು ಒಪ್ಪಿಸುವ ಹಾಡು ಬಲ್ಲವರು ಇದ್ದರೆ ರೆಕಾರ್ಡ್ ಮಾಡಿಟ್ಟುಕೊಳ್ಳಿ, ಅವರ ಒಪ್ಪಿಗೆ ಕೇಳಿ.

ದೊಡ್ಡಮ್ಮನಿಗೆ ಈ ಸ್ಕ್ರಿಪ್ಟ್ ಓದಿ ಹೇಳಿದೆ. ಪಾತ್ರೆ ವಿಷಯ ಬಂದಾಗ ನಕ್ಕರು. ಆಮೇಲೆ ಕೇಳಿದೆ, ಅಕ್ಕನ ಮದುವೆಯಲ್ಲೂ ನೀವೇ ಹಾಡಿದ್ರಾ, ಸ್ವಂತ ಮಗಳಿಗೆ?

"ಇಲ್ಲಪ್ಪ. ಅವತ್ತು ಪಕ್ಕದ ಮನೆಯವರು ಹಾಡಿದ್ರು. ನಾನು ಹಾಲಿನ ಬಟ್ಟಲು ಹಿಡ್ಕೊಂಡಿದ್ದೆ."